ಮಗಳ ಕಾಲೇಜಿಗೆ ಕುಲಪತಿ ಬಂದರು

2022ರ ಮಳೆಗಾಲ. ಹೊಂಗನೂರಿನ ನಮ್ಮ ಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ಎಷ್ಟು ಸೊಪ್ಪು ಹಾಕಿದರೂ ಸಾಲದು. ಅದೇ ವಾರ ಮಗಳಿಗೆ ಬೆಂಗಳೂರಿನ ಸೇಂಟ್ ಜೋಸೆಫ್ಸ್‌ನಲ್ಲಿ ಬಿಎಸ್ಸಿ ಸೀಟು ಸಿಕ್ಕಿತು. ಗೂಡು ರಾಮನಗರದ ಮಾರುಕಟ್ಟೆ ಸೇರಿದ ಮೇಲೆ ಬಂದ ದುಡ್ಡಿನಲ್ಲಿ ಮೊದಲ ಫೀಸು ಕಟ್ಟಿದೆವು.

ಕಟ್ಟಿ ಬಂದ ಮೇಲೆ ಪಕ್ಕದ ಮನೆಯಾಕೆ ತಣ್ಣಗೆ ಒಂದು ಮಾತು ಬಿಟ್ಟಳು. “ಅದೀಗ ಕಾಲೇಜಲ್ವಂತೆ ಕಣಕ್ಕ, ಹೊಸಾ ಯೂನಿವರ್ಸಿಟಿಯಂತೆ. ಸರ್ಟಿಫಿಕೇಟು ನಡೀತದಾ ನೋಡ್ಕಳಿ.”

ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಪೇಪರಿನಲ್ಲಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ಓದಿದವಳು ನಾನು. ಮಗಳನ್ನು ಕೂರಿಸಿಕೊಂಡು ಕೇಳಿದೆ. ಅವಳು ಫೋನ್ ತೆಗೆದು ಒಂದೊಂದೇ ತೋರಿಸಿದಳು. ಕಾಲೇಜು ಶುರುವಾಗಿದ್ದು 1882ರಲ್ಲಿ, ಫ್ರಾನ್ಸಿನಿಂದ ಬಂದ ಪಾದ್ರಿಗಳಿಂದ. 1937ರಲ್ಲಿ ಅದು ಜೆಸ್ವಿಟ್ ಪಾದ್ರಿಗಳ ಕೈಗೆ ಬಂತು. ಇಗ್ನೇಷಿಯಸ್ ಲೊಯೋಲಾ ಕಟ್ಟಿದ ಯೇಸು ಸಭೆಯವರು ಇವರು. ಹೋದಲ್ಲೆಲ್ಲ ಶಾಲೆ ಕಾಲೇಜು ತೆರೆದವರು.

“ಇಷ್ಟು ವರ್ಷ ಪಾಠ ಇವರದು, ಡಿಗ್ರಿ ಕಾಗದ ಬೇರೆ ವಿಶ್ವವಿದ್ಯಾಲಯದ್ದು. ಸ್ವಾಯತ್ತ ಕಾಲೇಜಾದ ಮೇಲೆ ಸಿಲಬಸ್ಸು, ಪರೀಕ್ಷೆ ಇವರೇ ಮಾಡ್ಕೊಂಡ್ರೂ ಪದವಿ ಕೊಡೋಕೆ ಆಗ್ತಿರಲಿಲ್ಲ. ಈಗ ವಿಧಾನಸಭೇಲೇ ಕಾಯ್ದೆ ಆಗಿದೆ, ಇವರೇ ಪದವಿ ಕೊಡ್ತಾರೆ. ಕೇಂದ್ರದ ರೂಸಾ ಯೋಜನೆ, ಸರ್ಕಾರ-ಖಾಸಗಿ ಸಹಭಾಗಿತ್ವ ಕಣಮ್ಮ” ಅಂದಳು. ಅರ್ಧ ಅರ್ಥವಾಯಿತು, ಅರ್ಧ ಧೈರ್ಯ ಬಂತು.

ಆ ವರ್ಷ ದಸರಾ ಉದ್ಘಾಟಿಸಿದ್ದು ರಾಷ್ಟ್ರಪತಿ ದ್ರೌಪದಿ ಮುರ್ಮು. ಸೆಪ್ಟೆಂಬರ್ 26ರಂದು ಚಾಮುಂಡಿ ಬೆಟ್ಟದ ಕಾರ್ಯಕ್ರಮವನ್ನು ಟೀವಿಯಲ್ಲಿ ಎಲ್ಲರೂ ನೋಡಿದೆವು. ಮಾರನೇ ದಿನ ಅವರೇ ಬೆಂಗಳೂರಿಗೆ ಹೋಗಿ ಸೇಂಟ್ ಜೋಸೆಫ್ಸ್ ವಿಶ್ವವಿದ್ಯಾಲಯವನ್ನು ಉದ್ಘಾಟಿಸಿದರು. ಪಕ್ಕದ ಮನೆಯಾಕೆಯನ್ನು ನಾನೇ ಕೂಗಿ ಕರೆದು ಸುದ್ದಿ ತೋರಿಸಿದೆ ಅನ್ನಿ!

ಮೊದಲ ಕುಲಪತಿಯಾಗಿ ಬಂದವರು ಫಾದರ್ ವಿಕ್ಟರ್ ಲೋಬೋ. “ಬಂದವರು” ಅನ್ನೋದೂ ತಪ್ಪೇ. ಅದೇ ಕಾಲೇಜಿನ ಪ್ರಾಂಶುಪಾಲರಾಗಿದ್ದವರು ಅವರು. ನಮ್ಮ ಅತ್ತೆಗೆ ಮಾತ್ರ ಬೇರೆಯೇ ಅನುಮಾನ.

“ಪಾದ್ರಿಗಳಿಗೆ ಕುಲ ಎಲ್ಲೈತವ್ವ, ಕುಲಪತಿ ಆಗಾಕೆ?”

ಮಗಳು ನಕ್ಕು ನಕ್ಕು ಸುಸ್ತಾದಳು. ಮೊದಲು ಉಪಕುಲಪತಿ ಅಂತಿದ್ದೆವು, ಈಗ ಕುಲಪತಿ. ಅವರ ಮೇಲೆ ಕುಲಾಧಿಪತಿ. ಅತ್ತೆಗೆ ನಾನು ಹೇಳಿದ್ದಿಷ್ಟೇ: “ಊರಿನ ಯಜಮಾನರ ಹಾಗೆ ಅಂತ ಇಟ್ಕೊಳ್ಳಿ.”

ಆಮೇಲೆ ನನಗೇ ಆ ಕುರ್ಚಿಯ ಬಗ್ಗೆ ಯೋಚನೆ ಹತ್ತಿತು. ಪ್ರಾಂಶುಪಾಲರಾಗಿದ್ದಾಗ ಮೇಲೊಂದು ವಿಶ್ವವಿದ್ಯಾಲಯ ಇರುತ್ತದೆ. ಪದವಿ ತಡವಾದರೆ, ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ತಪ್ಪಾದರೆ ಅತ್ತ ಕೈ ತೋರಿಸಬಹುದು. ಕುಲಪತಿಯಾದ ಮೇಲೆ ತೋರಿಸೋಕೆ ಯಾರಿದ್ದಾರೆ? ಹೊಸ ಸೊಸೆಗೆ ಅತ್ತೆ ಮನೆ ಬೀಗದಕೈ ಕೊಟ್ಟ ಹಾಗೆ. ಸಲುಗೆ ಜಾಸ್ತಿಯಾಯಿತು ಅಂತ ಮೊದಲ ದಿನ ಖುಷಿ. ಎರಡನೇ ದಿನ ಉಪ್ಪಿಲ್ಲ ಅಂದರೂ ಅವಳನ್ನೇ ಕೇಳುತ್ತಾರೆ.

ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜೂ ಇದೇ ದಾರಿ ಹಿಡಿದಿದೆ. ಜೆಸ್ವಿಟರ ಆ ಕಾಲೇಜು ಇನ್ನೂ ಎರಡು ವರ್ಷ ಹಳೆಯದು, 1880ರದು. 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಅಲ್ಲೂ ಪ್ರಾಂಶುಪಾಲರಾಗಿದ್ದ ಫಾದರ್ ಪ್ರವೀಣ್ ಮಾರ್ಟಿಸ್ ಅವರೇ ಮೊದಲ ಕುಲಪತಿ. ಅಲ್ಲಿ ಓದುವ ನನ್ನ ತಂಗಿ ಮಗನ ಮನೆಯಲ್ಲೂ ನಮ್ಮ ಹಾಗೇ ಗಾಬರಿ. ಫೋನ್ ಮಾಡಿದ ತಂಗಿಗೆ, ರೂಸಾ ಗೀಸಾ ಅಂತ ಮಗಳು ಹೇಳಿದ್ದನ್ನೆಲ್ಲ ಒಪ್ಪಿಸಿದೆ. “ನಮ್ದು ಡೀಮ್ಡ್ ಅಕ್ಕ, ಅದು ಬೇರೆ” ಅಂತ ಅವಳೇ ನನಗೆ ಪಾಠ ಮಾಡಿದಳು.

ಮಗಳು ಶುರುವಿನಲ್ಲಿ ಚನ್ನಪಟ್ಟಣದಿಂದ ರೈಲಿನಲ್ಲೇ ಓಡಾಡಿದಳು. ಬೆಳಗ್ಗೆ ಕತ್ತಲಲ್ಲೇ ಅವರಪ್ಪ ಬೈಕಿನಲ್ಲಿ ಸ್ಟೇಷನ್ನಿಗೆ ಬಿಡೋರು. ಆಮೇಲೆ ಪಿಜಿ ಸೇರಿದಳು. ಮೂರು ವರ್ಷದಲ್ಲಿ ಎಷ್ಟು ಬೆಳೆ ಗೂಡು ಹೋಯಿತೋ, ಲೆಕ್ಕ ಬರೆದ ನೋಟ್‌ಬುಕ್ಕೇ ಹರಿದುಹೋಗಿದೆ.

ಮೊನ್ನೆ ಅವಳು ಎಂಎಸ್ಸಿಗೆ ಅರ್ಜಿ ತುಂಬುತ್ತಿದ್ದಳು, ಬೇರೆ ವಿಶ್ವವಿದ್ಯಾಲಯಕ್ಕೆ. ‘ಪದವಿ ನೀಡಿದ ವಿಶ್ವವಿದ್ಯಾಲಯ’ ಅನ್ನುವ ಕಾಲಂ ಬಂದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಆ ಜಾಗದಲ್ಲಿ ಒತ್ತಿದರೆ ಹೆಸರುಗಳ ಉದ್ದ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಅವಳು ಕೆಳಕ್ಕೆ ಎಳೆಯುತ್ತ ಹೋದಳು, ನಾನು ಉಸಿರು ಹಿಡಿದಿದ್ದೆ.

“ಸಿಕ್ತು ಕಣಮ್ಮ” ಅಂದಳು.

ಅತ್ತೆ ಒಳಗಿನಿಂದ ಕೇಳಿದರು, “ಏನ್ ಸಿಕ್ತು?”