ಲೈಕಾದೊಳಗಿನ ಎರಡು ಪರದೆಗಳು

ಜರ್ಮನಿಯ ವೆಟ್ಸ್ಲರ್ ಊರಿನ ಲೈಟ್ಸ್ ಕಂಪನಿ 1925ರಲ್ಲಿ ಮಾರುಕಟ್ಟೆಗೆ ತಂದ ಲೈಕಾ, ಕೋಟಿನ ಜೇಬಿನಲ್ಲಿ ಇಳಿಯುವಷ್ಟು ಚಿಕ್ಕ ಕ್ಯಾಮೆರಾ. ಅದನ್ನು ರೂಪಿಸಿದ ಆಸ್ಕರ್ ಬಾರ್ನಾಕ್ ಮೈಯನ್ನು ಲೋಹದಲ್ಲಿ ಕಟ್ಟಿದರೂ, ಫಿಲ್ಮಿಗೆ ಬೆಳಕು ಬಿಡುವ ಮತ್ತು ತಡೆಯುವ ಕೆಲಸವನ್ನು ಬಟ್ಟೆಗೆ ಒಪ್ಪಿಸಿದರು. ರಬ್ಬರ್ ಲೇಪಿಸಿದ ಎರಡು ತೆಳು ಕಪ್ಪು ಪರದೆಗಳು, ಅಷ್ಟೇ. ಗುಂಡಿ ಒತ್ತಿದೊಡನೆ ಮೊದಲನೆಯದು ಪಕ್ಕಕ್ಕೆ ಓಡುತ್ತದೆ, ಎರಡನೆಯದು ಅದರ ಬೆನ್ನು ಹತ್ತಿ ಬಂದು ಮುಚ್ಚುತ್ತದೆ. 1/500 ಸೆಕೆಂಡಿಗೆ ಇಟ್ಟಾಗ ಇವೆರಡರ ನಡುವೆ ಕೆಲವೇ ಮಿಲಿಮೀಟರಿನ ಸೀಳು. ಅದು ಫಿಲ್ಮಿನ 36 ಮಿ.ಮೀ. ಅಗಲದ ಚೌಕಟ್ಟಿನ ಮೇಲೆ ಸರಿದು ಚಿತ್ರ ಮೂಡಿಸುತ್ತದೆ.

ದಶಕಗಳು ಕಳೆದರೆ ಲೋಹ ಬಾಳುತ್ತದೆ, ರಬ್ಬರ್ ಒಣಗಿ ಬಿರಿಯುತ್ತದೆ. ಬಿಸಿಲಿನಿಂದಲೂ ಅಪಾಯವುಂಟು. ಈ ಕ್ಯಾಮೆರಾದ ಲೆನ್ಸಿನ ಹಿಂದೆ ಅಡ್ಡಕ್ಕೆ ಕನ್ನಡಿಯಿಲ್ಲ. ಮುಚ್ಚಳ ಹಾಕದೆ ಸೂರ್ಯನಿಗೆ ಎದುರಾಗಿ ಇಟ್ಟರೆ, ಭೂತಗನ್ನಡಿ ಕಾಗದವನ್ನು ಸುಡುವಂತೆ ಲೆನ್ಸು ಪರದೆಯನ್ನು ಸುಟ್ಟು ತೂತು ಮಾಡುತ್ತದೆ. ಪ್ರಿಂಟಿನಲ್ಲಿ ಕಾರಣವಿಲ್ಲದೆ ಕಾಣುವ ಬಿಳಿ ಚುಕ್ಕೆ ಹಲವು ಸಲ ಅದರ ಗುರುತು. ತೂತಿಗೆ ಕಪ್ಪು ಬಣ್ಣ ಬಳಿಯುವವರಿದ್ದಾರೆ. ತುರ್ತಿಗೆ ಸರಿ, ಆದರೆ ಬಣ್ಣ ಬಿದ್ದ ಜಾಗ ಗಡುಸಾಗಿ ಉರುಳೆಗೆ ಸಲೀಸಾಗಿ ಸುತ್ತಿಕೊಳ್ಳುವುದಿಲ್ಲ.

ನಿಜವಾದ ದುರಸ್ತಿಯೆಂದರೆ ಪರದೆಗಳನ್ನೇ ಬದಲಿಸುವುದು. ಹೊರಕವಚ ಕಳಚಿ, ಹಳೆಯ ಪರದೆಯ ಅಳತೆಯನ್ನೂ ಅದು ಅಂಟಿದ್ದ ಜಾಗವನ್ನೂ ಮೊದಲು ಗುರುತು ಹಾಕಿಕೊಳ್ಳಬೇಕು. ಆಮೇಲೆ ಹೊಸ ಬಟ್ಟೆಯನ್ನು ಅದೇ ಅಳತೆಗೆ ಕತ್ತರಿಸಿ, ಉರುಳೆಗೂ ಎಳೆಯುವ ಪಟ್ಟಿಗಳಿಗೂ ಅಂಟಿಸಬೇಕು. ಬಟ್ಟೆ ಸ್ವಲ್ಪ ದಪ್ಪವಾದರೂ ಸುತ್ತು ಹಿಗ್ಗಿ ಓಟದ ವೇಗ ಕೆಡುತ್ತದೆ. ಅಂಟು ಒಣಗಿದ ಮೇಲೂ ಬಾಗುವಂಥದ್ದಾಗಿರಬೇಕು. ಅಂಚು ಕೂದಲೆಳೆಯಷ್ಟು ಓರೆಯಾದರೆ ಸೀಳು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಚಿತ್ರದಲ್ಲೂ ಬೆಳಕು ಹಾಗೆಯೇ ಏರುಪೇರಾಗುತ್ತದೆ. ಅಂಟಿಸುವ ಈ ಹಂತಕ್ಕೆ ಆತುರ ಸಲ್ಲದು.

ಕೊನೆಗೆ ಪರದೆಗಳನ್ನು ಓಡಿಸುವ ಸ್ಪ್ರಿಂಗಿನ ಬಿಗಿ. ಎರಡನೆಯ ಪರದೆ ಮೊದಲನೆಯದಕ್ಕಿಂತ ಜೋರಾಗಿ ಓಡಿದರೆ ಸೀಳು ದಾರಿಯಲ್ಲೇ ಕಿರಿದಾಗಿ, ಚಿತ್ರದ ಒಂದು ಬದಿ ಕತ್ತಲಾಗುತ್ತದೆ. ಹಿಂದೆ ಕೆಲವು ದುರಸ್ತಿಗಾರರು ಪಿಕ್ಚರ್ ಟ್ಯೂಬ್ ಟಿವಿಯ ಮುಂದೆ ಶಟರ್ ಹಾರಿಸಿ, ಕಾಣುವ ಓರೆ ಪಟ್ಟೆ ನೋಡಿ ವೇಗ ಅಂದಾಜು ಮಾಡುತ್ತಿದ್ದರು. ಈಗ ಬೆಳಕು ಅಳೆಯುವ ಪುಟ್ಟ ಉಪಕರಣಗಳಿವೆ. ಓಟ ಮಂದವಾಯಿತೆಂದು ಸ್ಪ್ರಿಂಗನ್ನೇ ಬಿಗಿಗೊಳಿಸುವುದು ನನ್ನ ಮಟ್ಟಿಗೆ ತಪ್ಪು ದಾರಿ. ಜಿಡ್ಡುಗಟ್ಟಿದ ಹಳೆಯ ಎಣ್ಣೆಯನ್ನು ತೊಳೆದ ನಂತರವೇ ಸ್ಪ್ರಿಂಗು ಮುಟ್ಟಬೇಕು.

ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ಇಂಥ ಕ್ಯಾಮೆರಾ ಇದ್ದರೆ ಪರದೆಯನ್ನು ಬೆರಳಿನಿಂದ ಒತ್ತಿ ನೋಡಬೇಡಿ. ಲೆನ್ಸಿಗೆ ಮುಚ್ಚಳವಿರಲಿ, ಆಗಾಗ ಶಟರ್ ಓಡಿಸುತ್ತಿರಿ. ದುರಸ್ತಿಗೆ ಕೊಡುವಾಗ ಎರಡೂ ಪರದೆಗಳನ್ನು ಒಟ್ಟಿಗೇ ಬದಲಿಸಲು ಹೇಳಿ. ಒಂದು ಸೋತಿದ್ದರೆ ಅದೇ ವಯಸ್ಸಿನ ಇನ್ನೊಂದೂ ಹೆಚ್ಚು ಕಾಲ ಬಾರದು.