ನೋವಿನ ದಿನಚರಿ

“ಕಳೆದ ತಿಂಗಳು ತಲೆನೋವು ಹೇಗಿತ್ತು?” ಎಂದು ವೈದ್ಯರು ಕೇಳಿದಾಗ ನಾವು ನೆನಪಿನಿಂದ ಉತ್ತರಿಸುತ್ತೇವೆ. ನೆನಪಾದರೋ ಅತಿ ತೀವ್ರ ಗಳಿಗೆಯನ್ನೂ ಕೊನೆಯ ಗಳಿಗೆಯನ್ನೂ ಹಿಡಿದಿಟ್ಟು ಉಳಿದುದನ್ನು ಮಸುಕಾಗಿಸುತ್ತದೆ. ಕರುಳಿನ ತಪಾಸಣೆಗೆ ಒಳಗಾದ ರೋಗಿಗಳಲ್ಲಿ ರೆಡೆಲ್‌ಮೈಯರ್ ಮತ್ತು ಕಾನೆಮನ್ 1996ರಲ್ಲಿ ಇದನ್ನು ತೋರಿಸಿಕೊಟ್ಟರು.

ಆದ್ದರಿಂದ ಮೊಬೈಲಿನ ನೋವು ದಾಖಲಿಸುವ ಆ್ಯಪ್‌ನಲ್ಲಿ ಪ್ರತಿದಿನ ನಿಗದಿತ ವೇಳೆಗೆ ನೋವಿನ ಅಂಕಿ, ನಿದ್ರೆ, ಸೇವಿಸಿದ ಮಾತ್ರೆ ಇಷ್ಟನ್ನು ಬರೆದಿಡೋಣ. 0 ಎಂದರೆ ನೋವಿಲ್ಲ. 10 ಎಂದರೆ ಊಹಿಸಬಹುದಾದ ಅತಿ ತೀವ್ರ ನೋವು.

ತಿಂಗಳ ಕೊನೆಯ ರೇಖಾಚಿತ್ರವು ನಾವು ಗಮನಿಸದುದನ್ನು ಕಾಣಿಸಬಲ್ಲದು. ಪ್ಯಾರಸಿಟಮಾಲ್‌ನಂತಹ ನೋವುನಿವಾರಕವನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, 3 ತಿಂಗಳಿಗೂ ಮೀರಿ ನುಂಗಿದರೆ ಮಾತ್ರೆಯೇ ತಲೆನೋವಿಗೆ ಕಾರಣವಾದೀತು. ದಾಖಲೆಯನ್ನು ವೈದ್ಯರ ಮುಂದಿಟ್ಟು ಅವರ ಸಲಹೆಯಂತೆ ನಡೆಯೋಣ. ಹಠಾತ್ತನೆ ಎರಗುವ ತೀವ್ರ ತಲೆನೋವಿಗೆ ಮಾತ್ರ ದಾಖಲೆಯಲ್ಲ, ತಕ್ಷಣ ಆಸ್ಪತ್ರೆಯೇ ದಾರಿ.