ಮೂರನೆಯ ಚಕ್ರದ ಗುಟ್ಟು

ಇಂಗ್ಲೆಂಡಿನ ಕೊವೆಂಟ್ರಿಯ ಹೊರವಲಯದಲ್ಲಿ, 1877ರಲ್ಲಿ, ಜೇಮ್ಸ್ ಸ್ಟಾರ್ಲಿ ತುರಚಿ ಗಿಡಗಳ ಪೊದೆಯೊಳಗೆ ಬಿದ್ದಿದ್ದ ಎನ್ನುತ್ತದೆ ಕತೆ. ಪಕ್ಕದಲ್ಲಿ ಮಗುಚಿಕೊಂಡಿದ್ದ ಗಾಡಿ ಆತನೇ ಕಟ್ಟಿದ್ದು. ಇಬ್ಬರು ಅಕ್ಕಪಕ್ಕ ಕೂತು ತುಳಿಯಬಹುದಾದ ಸೈಕಲ್ ಗಾಡಿ ಅದು. ಒಬ್ಬೊಬ್ಬರ ಕಾಲಿಗೆ ಒಂದೊಂದು ದೊಡ್ಡ ಚಕ್ರ. ಆ ದಿನ ಜೊತೆಗೆ ಕೂತಿದ್ದವನು ಮಗ ವಿಲಿಯಂ. ಹುಡುಗನ ಕಾಲಿನಲ್ಲಿ ಹರೆಯದ ಬಲವಿತ್ತು, ಅಪ್ಪನಿಗೆ ಐವತ್ತು ಸಮೀಪಿಸುತ್ತಿತ್ತು. ಮಗನ ಕಡೆಯ ಚಕ್ರ ಮುಂದೆ ಓಡಿತು, ಅಪ್ಪನ ಕಡೆಯದು ಹಿಂದುಳಿಯಿತು, ಗಾಡಿ ಗಿರ್ರನೆ ತಿರುಗಿ ಇಬ್ಬರನ್ನೂ ದಾರಿಯಾಚೆ ಎಸೆಯಿತು.

ಸಸೆಕ್ಸಿನ ರೈತನ ಮಗನಾಗಿ ಹುಟ್ಟಿ, ತೋಟದ ಮಾಲಿಯಾಗಿ, ಹೊಲಿಗೆ ಯಂತ್ರ ಸುಧಾರಿಸುತ್ತ ಸೈಕಲ್ಲಿನ ಲೋಕಕ್ಕೆ ಬಂದಿದ್ದ ಸ್ಟಾರ್ಲಿ ಸೋಲಿಗೆ ಹೊಸಬನಲ್ಲ. ಮೈತುಂಬ ಉರಿಯುತ್ತಿದ್ದರೂ ತಲೆ ಗಾಡಿಯ ಸುತ್ತಲೇ ಸುತ್ತಿತು. ತಿರುವಿನಲ್ಲಿ ಒಳಗಿನ ಚಕ್ರ ಕಡಿಮೆ ದೂರ ಉರುಳಬೇಕು, ಹೊರಗಿನದು ಹೆಚ್ಚು. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಗಾಡಿ ತಿರುಗಲು ಒಲ್ಲೆನ್ನುತ್ತಿತ್ತು. ಬೇರೆ ಬೇರೆ ಬಿಟ್ಟರೆ ಬಲವಿದ್ದ ಕಾಲು ಹೇಳಿದ್ದೇ ದಾರಿಯಾಗುತ್ತಿತ್ತು. ಕೊನೆಗೆ ಹೊಳೆದದ್ದು ಹಲ್ಲುಚಕ್ರಗಳ ಒಂದು ಪುಟ್ಟ ಗುಂಪು: ತುಳಿದ ಬಲ ಎರಡೂ ಚಕ್ರಕ್ಕೆ ಸಮನಾಗಿ ಹಂಚಿಹೋಗಬೇಕು, ವೇಗ ಮಾತ್ರ ಅವುಗಳ ಇಷ್ಟಕ್ಕೆ ಬಿಟ್ಟದ್ದು. ಇಂದಿನ ಮೆಕ್ಯಾನಿಕ್‌ಗಳು ಡಿಫರೆನ್ಷಿಯಲ್ ಎಂದು ಕರೆಯುವ ಭಾಗ ಅದು. ಸ್ಟಾರ್ಲಿಗಿಂತ ಸುಮಾರು ಅರ್ಧ ಶತಮಾನ ಮೊದಲೇ ಫ್ರಾನ್ಸಿನ ಪೆಕರ್ ಉಗಿಗಾಡಿಗೆ ಇಂಥದ್ದನ್ನು ರೂಪಿಸಿದ್ದ. ಸೈಕಲ್ಲಿಗೆ ಅದನ್ನು ತಂದು ಜನರ ಬಳಕೆಗೆ ಇಳಿಸಿದವನು ಸ್ಟಾರ್ಲಿ. ಆತನ ಮೂರು ಚಕ್ರದ ಸಾಲ್ವೊ ಗಾಡಿಯನ್ನು ವಿಕ್ಟೋರಿಯಾ ರಾಣಿಯೂ ಕೊಂಡಳು. 1881ರಲ್ಲಿ ಆತ ತೀರಿಕೊಳ್ಳುವ ಹೊತ್ತಿಗೆ ಮೂರು ಚಕ್ರದ ಗಾಡಿ ನೆಟ್ಟಗೆ ಓಡಲು ಕಲಿತಿತ್ತು.

ಮುಂದಿನ ಗಂಡಾಂತರ ಜರ್ಮನಿಯಲ್ಲಿ ಕಾದಿತ್ತು. ಮನ್‌ಹೈಮ್ ಪಟ್ಟಣದ ಕಾರ್ಲ್ ಬೆನ್ಜ್ ಪೆಟ್ರೋಲ್ ಎಂಜಿನ್ ಕೂರಿಸಿದ ಗಾಡಿ ಕಟ್ಟುತ್ತಿದ್ದ. ಮುಂದಿನ ಎರಡು ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಬಗೆ ಆತನಿಗೆ ಒಪ್ಪುವಂತೆ ಸಿಕ್ಕಲಿಲ್ಲ. ಆದ್ದರಿಂದ ಮುಂದೆ ಒಂದೇ ಚಕ್ರ ಇಟ್ಟ. ಹಿಂದಿನ ಎರಡಕ್ಕೆ ಡಿಫರೆನ್ಷಿಯಲ್ ಬಂತು. ಚಕ್ರ ತಿರುಗಿಸಲು ಒಂದು ಹಿಡಿಕೆ. 1885ರಲ್ಲಿ ಜನರ ಮುಂದೆ ಓಡಿಸಿ ತೋರಿಸುವಾಗ ಗಾಡಿ ಹತೋಟಿ ತಪ್ಪಿ ಗೋಡೆಗೆ ಗುದ್ದಿತು. ಬೆನ್ಜ್ ಗಾಡಿಯನ್ನು ರಿಪೇರಿಗೆ ಒಯ್ದ, ಮತ್ತೆ ಹೊರತಂದ. 1886ರ ಜನವರಿ 29ರಂದು ಪೇಟೆಂಟಿಗೆ ಅರ್ಜಿ ಹಾಕಿದ. ಆದರೂ ಕೊಳ್ಳುವವರು ಬರಲಿಲ್ಲ. ಓಡಿಸಲು ಧೈರ್ಯವೇ ಬಾರದ ಗಾಡಿಗೆ ದುಡ್ಡು ಕೊಡುವವರು ಯಾರು?

ಆ ಧೈರ್ಯವನ್ನು ತೋರಿಸಿದವಳು ಹೆಂಡತಿ ಬರ್ತಾ. 1888ರ ಆಗಸ್ಟಿನ ಒಂದು ಬೆಳಿಗ್ಗೆ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಆಕೆ ತವರೂರು ಫೋರ್ಟ್ಸ್‌ಹೈಮಿನ ದಾರಿ ಹಿಡಿದಳು. ನೂರು ಕಿಲೋಮೀಟರಿಗೂ ಮಿಕ್ಕ ಪ್ರಯಾಣ. ಅಂಥ ಗಾಡಿಯಲ್ಲಿ ಅಷ್ಟು ದೂರ ಯಾರೂ ಹೋಗಿರಲಿಲ್ಲ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಇಂಧನ ಮುಗಿದಾಗ ವೀಸ್ಲೋಕಿನ ಔಷಧದಂಗಡಿಗೆ ಹೋಗಿ ಬಟ್ಟೆಯ ಕಲೆ ತೆಗೆಯುವ ದ್ರಾವಣ ಕೊಂಡು ಸುರಿದಳು. ಏರು ಬಂದಾಗ ಮಕ್ಕಳು ಇಳಿದು ತಳ್ಳಿದರು. ಇಳಿಜಾರಿನಲ್ಲಿ ಬ್ರೇಕು ಸವೆದಾಗ ಚಮ್ಮಾರನಿಂದ ತೊಗಲು ಹೊದೆಸಿಕೊಂಡಳು. ಕತ್ತಲಾಗುವಷ್ಟರಲ್ಲಿ ತವರು ಮುಟ್ಟಿ ಗಂಡನಿಗೆ ತಂತಿ ಕಳಿಸಿದಳು. ಆಕೆಯ ಅನುಭವ ಕೇಳಿ ಬೆನ್ಜ್ ಏರಿಗಾಗಿ ಇನ್ನೊಂದು ಗೇರ್ ಸೇರಿಸಿದ.

ಅಲ್ಲಿಂದ ಅರುವತ್ತು ವರ್ಷ ಕಳೆದು, 1948ರಲ್ಲಿ, ಇಟಲಿಯ ಪಿಯಾಜಿಯೊ ಕಂಪನಿ ತನ್ನ ವೆಸ್ಪಾ ಸ್ಕೂಟರಿನ ಹಿಂಬದಿಗೆ ಎರಡು ಚಕ್ರ ಕೊಟ್ಟು ಆಪೆ ಎಂಬ ಗಾಡಿ ಹೊರತಂದಿತು. ಮುಂದೆ ಸ್ಕೂಟರಿನ ಹ್ಯಾಂಡಲ್, ಹಿಂದೆ ಸ್ಟಾರ್ಲಿಯ ಹಲ್ಲುಚಕ್ರಗಳು. ಭಾರತದಲ್ಲಿ 1959ರಲ್ಲಿ ಬಜಾಜ್ ಕಂಪನಿಗೆ ದ್ವಿಚಕ್ರ, ತ್ರಿಚಕ್ರ ವಾಹನ ತಯಾರಿಸುವ ಪರವಾನಗಿ ಸಿಕ್ಕಿತು. ಆ ವಂಶದ ಗಾಡಿಗಳು ಬಳ್ಳಾರಿಯ ಓಣಿಗಳಿಗೆ ಆಟೊ ಆಗಿ ಬಂದವು, ಸಿರುಗುಪ್ಪದ ಭತ್ತದ ಸೀಮೆಗೆ ಗೂಡ್ಸ್ ಗಾಡಿಯಾಗಿ, ಕುರುಗೋಡಿನ ಸುತ್ತಲ ಹಳ್ಳಿಗಳಿಗೆ ಟಂಟಂ ಆಗಿ. ಕಾಲಿನ ಬಲವಿಲ್ಲದವರಿಗೆ ಸ್ಕೂಟರಿನ ಹಿಂದೆ ಎರಡೂ ಬದಿಗೆ ಚಕ್ರ ಕಟ್ಟಿದ ಸೈಡ್‌ವೀಲ್ ಗಾಡಿಗಳೂ ಬಂದವು.

ಗಾಡಿ ಸುಧಾರಿಸಿತ್ತು, ಓಡಿಸುವವರ ಎದೆಬಡಿತ ಮಾತ್ರ ತಗ್ಗಲಿಲ್ಲ. ಬೈಕಿನ ಮೇಲೆ ವರ್ಷಗಟ್ಟಲೆ ಬಳ್ಳಾರಿ–ಸಿರುಗುಪ್ಪ ಓಡಾಡಿದವರೇ ಮೂರು ಚಕ್ರದ ಹ್ಯಾಂಡಲ್ ಹಿಡಿದ ಮೊದಲ ದಿನ ಬೆವರಿದರು. ಎಡಕ್ಕೆ ಬೇಕೆಂದರೆ ಗಾಡಿ ಬಲಕ್ಕೆ ಸೆಳೆಯಿತು. ತಿರುವಿನಲ್ಲಿ ಮೈ ಹೊರಗೆ ಎಸೆದಂತಾಯಿತು. ತೆಕ್ಕಲಕೋಟೆಯ ಕಡೆಯ ದಾರಿಯಲ್ಲಿ ಅಂಚು ಹೊಲದತ್ತ ಇಳಿದಿದ್ದರೆ ಗಾಡಿಯೂ ಅತ್ತಲೇ ವಾಲಿತು. ಸೈಕಲ್ಲನ್ನೇ ಕಲಿಯದ ಹೊಸಬ ಪಕ್ಕದಲ್ಲಿ ಸಲೀಸಾಗಿ ತಿರುಗಿಸಿಕೊಂಡು ಹೋದಾಗ ಹಳೆಯ ಕೈಗಳಿಗೆ ತಮ್ಮ ಮೇಲೆಯೇ ಅನುಮಾನ ಹುಟ್ಟಿತು. ತಪ್ಪು ಎಲ್ಲಿತ್ತು?

ಉತ್ತರ ಬಹಳ ಹಿಂದೆಯೇ, ಬೇರೆಯದೇ ಹುಡುಕಾಟದಲ್ಲಿ ಸಿಕ್ಕಿತ್ತು. 1869ರಲ್ಲಿ, ಕಬ್ಬಿಣದ ಪಟ್ಟಿ ಬಡಿದ ಮರದ ಚಕ್ರದ ಸೈಕಲ್ಲುಗಳು ಬೀದಿಗಿಳಿದಿದ್ದ ಕಾಲದಲ್ಲಿ, ಗ್ಲಾಸ್ಗೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರ್‍ಯಾಂಕಿನ್ ಸವಾರರನ್ನು ಗಮನಿಸಿ ಒಂದು ವಿಚಿತ್ರವನ್ನು ಬರೆದಿಟ್ಟ. ಒಂದು ಕಡೆಗೆ ವಾಲಬೇಕಾದ ಸವಾರ ಮೊದಲು ಕ್ಷಣಕಾಲ ಚಕ್ರವನ್ನು ಎದುರು ಕಡೆಗೆ ತಿರುಗಿಸುತ್ತಿದ್ದ. ಆ ಬರಹ ಎಂಜಿನಿಯರರ ಪತ್ರಿಕೆಯಲ್ಲೇ ಉಳಿಯಿತು.

ಅದೇ ವಿಚಿತ್ರ ಮುಂದೆ ಅಮೆರಿಕದಲ್ಲೂ ಕಣ್ಣಿಗೆ ಬಿತ್ತು. ಅಲ್ಲಿನ ಡೇಟನ್ನಿನಲ್ಲಿ ಅಣ್ಣತಮ್ಮಂದಿರಿಬ್ಬರು ಸೈಕಲ್ ಅಂಗಡಿ ನಡೆಸುತ್ತಿದ್ದರು. ಅವರಲ್ಲಿ ಹಿರಿಯ ವಿಲ್ಬರ್ ರೈಟ್ ಹಲವಾರು ಸವಾರರಿಗೆ ಒಂದೇ ಪ್ರಶ್ನೆ ಹಾಕಿದ: ಎಡಕ್ಕೆ ಹೇಗೆ ತಿರುಗುತ್ತೀರಿ? ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸುತ್ತೇವೆ ಎಂಬುದೇ ಅವರ ಉತ್ತರ. ಮೊದಲ ಸಲಕ್ಕೇ ಸಂಗತಿಯನ್ನು ಪೂರ್ತಿ ಸರಿಯಾಗಿ ಹೇಳಿದವರು ಒಬ್ಬರೂ ಸಿಗಲಿಲ್ಲ. ಅವರ ಕೈಗಳು ದಿನವೂ ಮಾಡುತ್ತಿದ್ದುದು ಅವರ ಮನಸ್ಸಿಗೆ ಗೊತ್ತೇ ಇರಲಿಲ್ಲ. ತಿರುಗಬೇಕಾದರೆ ವಾಲಬೇಕು ಎಂಬ ತಿಳಿವನ್ನು ರೈಟ್ ಸೋದರರು ವಿಮಾನಕ್ಕೆ ಒಯ್ದರು. 1903ರ ಡಿಸೆಂಬರ್ 17ರಂದು ಹಾರಿದರು.

ಮೂರು ಚಕ್ರದ ಗುಟ್ಟು ಬಿಚ್ಚಿಕೊಂಡದ್ದೂ ಇಲ್ಲಿಯೇ. ಒಂದಿಷ್ಟು ವೇಗ ಹಿಡಿದ ಬೈಕು ಎಡಕ್ಕೆ ತಿರುಗಲು ಎಡಕ್ಕೆ ವಾಲಬೇಕು. ವಾಲಿಸಲು ಚಕ್ರವನ್ನು ಮೈಯ ಅಡಿಯಿಂದ ಬಲಕ್ಕೆ ಸರಿಸಬೇಕು. ಕೈ ಅದಕ್ಕಾಗಿ ಹ್ಯಾಂಡಲ್ಲನ್ನು ಕಣ್ಣೆವೆ ಮಿಟುಕುವಷ್ಟು ಹೊತ್ತು ಬಲಕ್ಕೆ ಒತ್ತುತ್ತದೆ. ಮೂರು ಚಕ್ರದ ಗಾಡಿ ವಾಲುವುದಿಲ್ಲ. ಬಲಕ್ಕೆ ಒತ್ತಿದರೆ ಬಲಕ್ಕೇ ಹೋಗುತ್ತದೆ. ಗಾಡಿ ವಾಲದ ಕಾರಣ ತಿರುವಿನ ಸೆಳೆತ ಸವಾರನನ್ನು ಪಕ್ಕಕ್ಕೆ ನೂಕುತ್ತದೆ. ರಸ್ತೆಯ ಓರೆ ಸೀಟಿನವರೆಗೂ ತಲುಪುತ್ತದೆ. ಮುಂದೆ ಒಂದೇ ಚಕ್ರವಿರುವುದರಿಂದ ಆಸರೆ ಮುಂದಕ್ಕೆ ಹೋದಂತೆ ಕಿರಿದಾಗುತ್ತದೆ. ತಿರುವಿನ ನಡುವೆ ಬ್ರೇಕು ಒತ್ತಿದರೆ ಭಾರ ಆ ಕಿರಿದಾದ ಕಡೆಗೇ ನುಗ್ಗುತ್ತದೆ, ಗಾಡಿ ಮಗುಚುವ ಅಪಾಯ ಹೆಚ್ಚುತ್ತದೆ.

ಉಪಾಯವೂ ಇದರಲ್ಲೇ ಇದೆ. ವೇಗವನ್ನು ತಿರುವಿಗೆ ಮುಂಚೆಯೇ ಇಳಿಸಬೇಕು. ಹೋಗಬೇಕಾದ ಕಡೆಗೇ ಹ್ಯಾಂಡಲ್ ತಿರುಗಿಸಿ, ಮೈಯನ್ನು ತಿರುವಿನ ಒಳಗೆ ವಾಲಿಸಬೇಕು. ತೋಳು ಬಿಗಿಯಬಾರದು, ಬಿಗಿದ ತೋಳು ಮೈಯ ಓಲಾಟವನ್ನೆಲ್ಲ ಹ್ಯಾಂಡಲ್ಲಿಗೆ ದಾಟಿಸುತ್ತದೆ. ಖಾಲಿ ಮೈದಾನದಲ್ಲಿ ನಿಧಾನವಾಗಿ ಎಂಟರ ಆಕಾರದಲ್ಲಿ ಸುತ್ತಿದರೆ ಕೈ ಹೊಸ ನಿಯಮವನ್ನು ಕಲಿಯುತ್ತದೆ. ಬೈಕಿನವರು ಮೊದಲ ದಿನ ಹೆದರಿದ್ದು ಅಂಜುಬುರುಕರಾಗಿದ್ದರಿಂದ ಅಲ್ಲ. ಅವರ ಕೈ ಎರಡು ಚಕ್ರದ ಪಾಠವನ್ನು ಬಹಳ ಚೆನ್ನಾಗಿ ಕಲಿತಿತ್ತು. ಅಷ್ಟು ಚೆನ್ನಾಗಿ ಒಮ್ಮೆ ಕಲಿತ ಕೈ ಇನ್ನೊಮ್ಮೆಯೂ ಕಲಿಯಬಲ್ಲದು.